ಕಲ್ಯಾಣಮ್ಮನ ಹೊಲಿಗೆ

ಶರಣ ಹರಳಯ್ಯನ ನಾಟಕಕ್ಕೆ ಕಲಾವಿದರು ಬೇಕು, ಅನುಭವ ಇಲ್ಲದವರೂ ಬರಬಹುದು ಅಂತ ಮೆಸೇಜು ಬಂದಾಗ ನಾನು ಒಂದು ಮದುವೆ ಬ್ಲೌಸಿನ ತೋಳಿಗೆ ಕೊಕ್ಕೆ ಸೂಜಿಯಿಂದ ಆರಿ ವರ್ಕ್ ಹಾಕುತ್ತಿದ್ದೆ. ಕಲಬುರಗಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟು 18 ವರ್ಷ ಆಯಿತು. ಹೈಸ್ಕೂಲಿನ ಗ್ಯಾದರಿಂಗಿನಲ್ಲಿ ಒಮ್ಮೆ ಅಕ್ಕಮಹಾದೇವಿ ಆಗಿದ್ದೆ, ಆಮೇಲೆ ಸ್ಟೇಜು ಹತ್ತಿರಲಿಲ್ಲ. ಆದರೂ ಆ ಮೆಸೇಜನ್ನು ಅಳಿಸಲು ಮನಸ್ಸಾಗಲಿಲ್ಲ.

ಐತವಾರ ಬೆಳಿಗ್ಗೆ ಒಂದು ಸಾಲಿಯ ಕೋಣೆಯಲ್ಲಿ ಆಡಿಷನ್. ಏಪ್ರಿಲ್ ತಿಂಗಳು, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಬಂದವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರು. ಮೊದಲು ಎಲ್ಲರಿಂದ ಒಂದೊಂದು ವಚನ ಓದಿಸಿದರು. ನಂತರ ನಿರ್ದೇಶಕರು ಕಥೆ ಹೇಳಿದರು. ನಮ್ಮ ಕಡೆ ಇದು ಗೊತ್ತಿಲ್ಲದ ಮನೆ ಇಲ್ಲ. ಚಪ್ಪಲಿ ಹೊಲಿಯುವ ಹರಳಯ್ಯ ‘ಶರಣು’ ಅಂದರೆ ಬಸವಣ್ಣ ‘ಶರಣು ಶರಣಾರ್ಥಿ’ ಅನ್ನುತ್ತಾನೆ. ತಾನು ಕೊಟ್ಟಿದ್ದಕ್ಕಿಂತ ಹೆಚ್ಚು ಬಂತಲ್ಲ, ಈ ಋಣ ತೀರಿಸುವುದು ಹೇಗೆ ಎಂದು ಅವನೂ ಹೆಂಡತಿ ಕಲ್ಯಾಣಮ್ಮನೂ ಕೂಡಿ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡುತ್ತಾರೆ. ಬಸವಣ್ಣ ಅದನ್ನು ಕಾಲಿಗೆ ಹಾಕಿಕೊಳ್ಳುವುದಿಲ್ಲ, ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ.

‘ಕಲ್ಯಾಣಮ್ಮ ಹೊಲಿಯೋದು ಮಾಡಿ ತೋರಸ್ರಿ. ಮಾತು ಬ್ಯಾಡ’ ಎಂದರು.

ನೆಲದ ಮೇಲೆ ಕೂತೆ. ಸೂಜಿಗೆ ದಾರ ಪೋಣಿಸಿದೆ, ಎರಡು ಹೊಲಿಗೆ ಹಾಕುವಷ್ಟರಲ್ಲಿ ಗಂಟಲು ಕಟ್ಟಿತು. ಬಿಕ್ಕಿ ಬಿಕ್ಕಿ ಅತ್ತೆ. ಹುಡುಗರು ಚಪ್ಪಾಳೆ ತಟ್ಟಿದರು. ನಿರ್ದೇಶಕರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅತ್ತಿದ್ದು ಖರೇ ಅದರಿ ಅಕ್ಕಾರ. ಆದರ ನೀವು ಹೊಲಿಲಕತ್ತಿದ್ದು ಬ್ಲೌಸು. ಮುಂದಿನ ಐತವಾರ ಮತ್ತ ಬರ್ರಿ’ ಎಂದರು.

ನನಗೆ ಭಾಳ ನೋವಾಯಿತು. ಹೊಲಿಗೆ ವಿಷಯದಲ್ಲಿ ನನಗೆ ತಪ್ಪು ತೋರಿಸಿದವರು ಯಾರೂ ಇರಲಿಲ್ಲ. ರಾತ್ರಿ ಮಲಗಿದಾಗ ಕೈಯನ್ನೇ ನೋಡಿಕೊಂಡೆ. ಎರಡು ಬೆರಳಲ್ಲಿ ಚಿವುಟಿ ಹಿಡಿದು, ಒಂದೇ ಕೈಯಲ್ಲಿ ದಾರ ಎಳೆದಿದ್ದೆ. ಅವರು ಹೇಳಿದ್ದು ಸರಿಯೇ ಇತ್ತು. ಚರ್ಮ ಹಾಗೆ ಬಗ್ಗುತ್ತದೆಯೇ?

ಮಂಗಳವಾರ ಸೂಪರ್ ಮಾರ್ಕೆಟ್ ಕಡೆ ಹೋಗಿ, ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಮುಂದೆ ನನ್ನ ಜೋಡು ಬಿಟ್ಟು ಅಲ್ಲೇ ಕಲ್ಲಿನ ಮೇಲೆ ಕೂತೆ. ‘ಕಾಕಾ, ನೀವು ಹೊಲಿಯೋದು ನೋಡಬೇಕಾಗಿತ್ತು’ ಎಂದು ವಿಷಯ ಹೇಳಿದೆ. ಅವರ ಕೈಯಲ್ಲಿದ್ದುದನ್ನು ನೋಡಿ ನಾನು ಅಲ್ಲಾಡಲಿಲ್ಲ. ಮರದ ಹಿಡಿ, ಉಕ್ಕಿನ ಕಡ್ಡಿ, ತುದಿಯಲ್ಲಿ ಸಣ್ಣ ಕೊಕ್ಕೆ. ಆರಿ! ನನ್ನದು ಸೂಜಿಯಷ್ಟು ಸಣ್ಣ, ಅವರದು ದಪ್ಪ, ಕೆಲಸ ಮಾತ್ರ ಒಂದೇ. ಮೇಲಿನಿಂದ ಚುಚ್ಚಬೇಕು, ಕೆಳಗಿನ ಕೈ ದಾರವನ್ನು ಕೊಕ್ಕೆಗೆ ಕೊಡಬೇಕು, ಅದು ಕುಣಿಕೆಯಾಗಿ ಮೇಲೆ ಬರಬೇಕು. ನಾನು ಕುಣಿಕೆಯೊಳಗೆ ಕುಣಿಕೆ ಹಾಕಿ ಬಳ್ಳಿ ತೆಗೆಯುತ್ತೇನೆ. ಅವರು ಆ ಕುಣಿಕೆಯೊಳಗೆ ದಾರದ ಇನ್ನೊಂದು ತುದಿಯನ್ನು ತೂರಿಸಿ, ಎರಡೂ ಕೈ ಅಗಲಿಸಿ ಬಿಗಿ ಎಳೆಯುತ್ತಾರೆ. ಪ್ರತಿ ಹೊಲಿಗೆಗೂ ಅವರ ಎರಡು ಹೆಗಲು ಏಳುತ್ತಿದ್ದವು.

ರೇಷ್ಮೆಯ ಮೇಲೆ ಆರಿಯಿಂದ ಹೂಬಳ್ಳಿ ತೆಗೆಯುವ ಕಲೆಯನ್ನು ಗುಜರಾತಿನ ಕಚ್ಛದಲ್ಲಿ ಬೆಳೆಸಿದವರು ಚರ್ಮದ ಕೆಲಸ ಮಾಡುವ ಮೋಚಿಗಳೇ. ಅಲ್ಲಿ ಅದಕ್ಕೆ ‘ಮೋಚಿ ಭರತ್’ ಎನ್ನುತ್ತಾರೆ. ಹಾಗಾದರೆ 18 ವರ್ಷ ನಾನು ರೊಟ್ಟಿ ತಿಂದದ್ದು ಈ ಕೈಗಳ ಸಲಕರಣೆಯಿಂದ. ಅದನ್ನು ಒಂದು ದಿನವೂ ನೆನೆದವಳಲ್ಲ.

ಕಾಕಾ ಒಂದು ಚರ್ಮದ ತುಂಡು ಕೊಟ್ಟು ನನ್ನಿಂದ ಹೊಲಿಸಿದರು. ಮಣಿಕಟ್ಟು ನೋಯಿತು. ನಾನು ಆಡಿಷನ್ನಿನಲ್ಲಿ ಅತ್ತಿದ್ದನ್ನು ಹೇಳಿದಾಗ ಅವರು ಕೆಲಸ ನಿಲ್ಲಿಸಿದರು.

‘ನಮ್ಮ ಕಲ್ಯಾಣವ್ವ ಅಳಂಗಿಲ್ಲವ್ವ. ಅಳಕೋತ ಹೊಲಿದ್ರ ಹೊಲಿಗಿ ಸೊಟ್ಟ ಆಗ್ತದ. ಸೊಟ್ಟ ಹೊಲಿಗಿ ಬಸವಣ್ಣಗ ಹ್ಯಾಂಗ ಕೊಡ್ತಾಳ ಆಕಿ?’

ಐತವಾರ ಅದೇ ಕೋಣೆ, ಅದೇ ಜಾಗ. ಈ ಸಲ ಆ ಹಿರಿಯರ ಹಾಗೆ ಮೊಣಕಾಲ ನಡುವೆ ಚರ್ಮ ಒತ್ತಿ ಹಿಡಿದೆ. ಆರಿಗೆ ಅಂಗೈಯ ಬಲ ಕೊಟ್ಟೆ. ಕುಣಿಕೆ ತೆಗೆದೆ, ತೂರಿಸಿದೆ, ಎಳೆದೆ. ಎಳೆಯುವಾಗೆಲ್ಲ ತೊಡೆಯ ಗಾಯ ನೆನಪಿಟ್ಟುಕೊಂಡು ಉಸಿರು ಹಿಡಿದೆ, ಮುಂದಿನ ಹೊಲಿಗೆ ಹಿಂದಿನದರ ಸಮಕ್ಕೆ ಬಂತೋ ಇಲ್ಲವೋ ಎಂದಷ್ಟೇ ನೋಡಿದೆ. ಅಳು ಎದೆಯಲ್ಲೇ ಇತ್ತು, ಅದನ್ನು ಹೊರಗೆ ಬಿಡಲಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಒಂದೇ ಕೇಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನಿರ್ದೇಶಕರು ‘ಸಾಕ್ರಿ’ ಎಂದರು.

‘ಇನ್ನೊಂದು ಕಾಲಿಂದು ಉಳದದರಿ’ ಅಂದುಬಿಟ್ಟೆ. ಅದು ನಾನಾಗಿ ಆಡಿದ ಮಾತಲ್ಲ.

ಪಾತ್ರ ಸಿಕ್ಕಿತು. ಈಗ ದಿನಾ ಸಂಜೆ ತಾಲೀಮು, ಅಂಗಡಿ ಒಂದು ತಾಸು ಮೊದಲೇ ಮುಚ್ಚುತ್ತೇನೆ. ಪ್ರಯೋಗ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ. ಕಾಕಾಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹೇಳಿಟ್ಟಿದ್ದೇನೆ. ನಾಟಕದ ಚಮ್ಮಾವುಗೆಯನ್ನೂ ಅವರೇ ಹೊಲಿಯುತ್ತಾರೆ. ಬಸವಣ್ಣನ ಪಾತ್ರದ ಹುಡುಗನ ಪಾದದ ಅಳತೆ ತಾ ಎಂದರು. ‘ಹೆಂಗೂ ತಲಿ ಮ್ಯಾಲ ಇಟ್ಕೋತಾನ ಕಾಕಾ, ಯಾವ ಅಳತಿ ಆದ್ರೂ ನಡಿತದ ಅಂದಾರ’ ಎಂದೆ.

‘ಹಾಕ್ಕೊಳ್ಳದಿದ್ರೂ ಅಳತಿ ಬರೋಬ್ಬರಿ ಇರಬೇಕವ್ವ’ ಎಂದರು. ಮರುದಿನ ಆ ಹುಡುಗನ ಎರಡೂ ಪಾದಗಳನ್ನು ಪೇಪರಿನ ಮೇಲೆ ಇರಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಒಯ್ದು ಕೊಟ್ಟು ಬಂದೆ.