ಎಲ್ಲೋ ಏನೋ

ಭಾನುವಾರ ಕೇಳಿದ ಮಾತು ಬುಧವಾರವಾದರೂ ಕಿವಿಯಿಂದ ಇಳಿದಿಲ್ಲ.

"ನಿಧಾನಕ್ಕೆ ಕೂತು ಯೋಚನೆ ಮಾಡಿ ಅಕ್ಕಾ. ಎಲ್ಲೋ ಏನೋ ತಪ್ಪಾಗಿರುತ್ತೆ. ದೇವರು ಸುಮ್ನೆ ಯಾರನ್ನೂ ಹೊಡೆಯಲ್ಲ."

ಬಂದಿದ್ದವರು ನಮ್ಮ ಪ್ರಾರ್ಥನಾ ಕೂಟದ ಮೂವರು. ನಮ್ಮವರು ಅಲ್ಲೇ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು, ನಿದ್ದೆ ಬಂದಿರಲಿಲ್ಲ. ಕುಡಿದವರಲ್ಲ, ಸೇದಿದವರಲ್ಲ. ಎರಡೂ ಕಿಡ್ನಿ ಕೈಕೊಟ್ಟು 11 ತಿಂಗಳಾಯಿತು. ವಾರಕ್ಕೆ 3 ಸಲ ಡಯಾಲಿಸಿಸ್, ಸಲಕ್ಕೆ 4 ಗಂಟೆ.

ಎಲ್ಲೋ ಏನೋ. ಎಂಥ ಜಾಣ ಮಾತು ನೋಡಿ. ಎಲ್ಲಿ ಅಂತ ಹೇಳಬೇಕಾಗಿಲ್ಲ, ಏನು ಅಂತ ತೋರಿಸಬೇಕಾಗಿಲ್ಲ. ಹುಡುಕುವ ಕೆಲಸ ನಮಗೇ ಬಿಟ್ಟಿದ್ದು. ಹುಡುಕಿದೆ ಕೂಡ! ಮದುವೆಯಾದಾಗಿನಿಂದ ಆಡಿದ ಜಗಳ, ಹೇಳಿದ ಸುಳ್ಳು ಎಲ್ಲವನ್ನೂ ರಾತ್ರಿಯೆಲ್ಲ ಎಣಿಸಿದೆ. ಒಂದು ಕಿಡ್ನಿಗೆ ಸಮವಾಗುವಂಥದ್ದು ಯಾವುದೂ ಸಿಗಲಿಲ್ಲ.

ಅವರು ಕೆಟ್ಟವರೇನಲ್ಲ. ಭಯ ಅಷ್ಟೇ. ತಪ್ಪು ಮಾಡದವರಿಗೂ ಹೀಗಾಗುತ್ತದೆ ಅಂದರೆ ನಾಳೆ ತಮ್ಮ ಬಾಗಿಲಿಗೂ ಬರಬಹುದಲ್ಲ.

ಬೈಬಲ್ಲಿನಲ್ಲಿ ಯೋಬ ಅಂತ ಒಬ್ಬ ಬರುತ್ತಾನೆ, ತಪ್ಪು ಮಾಡದೆಯೂ ನರಳಿದವನು. ಅವನ ಗೆಳೆಯರೂ ಮೂವರೇ. ಎಲೀಫಜ, ಬಿಲ್ದದ, ಚೋಫರ. 10 ಮಕ್ಕಳನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕೂತು ಮಡಕೆ ಚೂರಿನಿಂದ ಕೆರೆದುಕೊಳ್ಳುತ್ತಿದ್ದವನನ್ನು ನೋಡಲು ಬಂದರು. 7 ಹಗಲು 7 ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಅಷ್ಟಕ್ಕೇ ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಆಮೇಲೆ ಅವರೂ ನೀನೇ ಏನೋ ತಪ್ಪು ಮಾಡಿರಬೇಕು ಅಂತ ಶುರುಮಾಡಿದರು. ನಮ್ಮ ಮನೆಗೆ ಬಂದವರು 7 ನಿಮಿಷವೂ ಸುಮ್ಮನಿರಲಿಲ್ಲ ಬಿಡಿ.

ಈ ವಾರ ಯೋಬನ ಕಥೆಯನ್ನು ಪೂರ್ತಿ ಓದಿದೆ. ಗೆಳೆಯರು ದೇವರ ಬಗ್ಗೆ ಅಧ್ಯಾಯಗಟ್ಟಲೆ ಮಾತಾಡುತ್ತಾರೆ. ದೇವರ ಹತ್ತಿರ ಮಾತ್ರ ಒಂದು ಮಾತೂ ಇಲ್ಲ. ಯೋಬ ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ರೇಗುತ್ತಾನೆ. ಆದರೆ ಆಗಾಗ ದೇವರ ಕಡೆಗೇ ತಿರುಗಿ ಕೇಳುತ್ತಾನೆ. ನನ್ನ ಪ್ರಾರ್ಥನೆಯೂ ಈಗ ಜಾಸ್ತಿ ಜಗಳವೇ. ಜಗಳವಾಡಲಿಕ್ಕಾದರೂ ಎದುರಿಗೆ ಯಾರೋ ಇರಬೇಕು, ಅಲ್ವಾ?

ಭಾನುವಾರ ಅವರೆಲ್ಲ ಹೋದ ಮೇಲೆ ನಮ್ಮವರು ಎಡಗೈ ಚಾಚಿದರು. "ಇಲ್ಲಿ ಕಿವಿ ಇಡು."

ಡಯಾಲಿಸಿಸ್‌ಗೆಂದು ಎರಡು ರಕ್ತನಾಳ ಸೇರಿಸಿ ಫಿಸ್ಟುಲಾ ಮಾಡಿರುವ ಜಾಗ. ಚರ್ಮದಡಿ ಹಗ್ಗದಂತೆ ಉಬ್ಬಿದೆ. ಕಿವಿ ಇಟ್ಟರೆ ರಕ್ತ ಹರಿಯುವುದು ಗುಂಯ್ ಅಂತ ಕೇಳಿಸುತ್ತದೆ.

"ಇದು ನಿಂತರೆ ಹೆದರಿಕೋ. ಅವರ ಮಾತಿಗೆಲ್ಲ ಯಾಕೆ?"

ಕೊನೆಯ ಅಧ್ಯಾಯ, 42ನೆಯದು, ನನಗೆ ಇನ್ನೂ ಗಂಟಲಲ್ಲಿ ಇಳಿದಿಲ್ಲ. ಯೋಬನಂತೆ ನೀವು ಸರಿಯಾಗಿ ಮಾತಾಡಲಿಲ್ಲ ಅಂತ ದೇವರು ಗೆಳೆಯರ ಮೇಲೆ ಸಿಟ್ಟಾಗುತ್ತಾನೆ. ಅಲ್ಲಿಯವರೆಗೆ ಖುಷಿ. ಆಮೇಲೆ ನೋಡಿದರೆ ಅವರಿಗಾಗಿ ಬೇಡಿಕೊಳ್ಳಬೇಕಾದವನು ಯೋಬನೇ! ಅವನು ಬೇಡಿಕೊಂಡ.

ನಿನ್ನೆ ರಾತ್ರಿ ನಾನೂ ಕೂತೆ. ಇಬ್ಬರ ಹೆಸರು ಹೇಗೋ ಬಾಯಿಂದ ಬಂತು. ಮೂರನೆಯವರ ಹೆಸರಿಗೆ ಬರುವಷ್ಟರಲ್ಲಿ "ಎಲ್ಲೋ ಏನೋ" ಮತ್ತೆ ಕೇಳಿಸಿತು. ದೀಪ ಆರಿಸಿ ಮಲಗಿಬಿಟ್ಟೆ.