ಕೌನ್ಸಿಲ್ ಪಾಸು ಮಾಡಿದ ಮೇಲೂ ಜಗಳ ಯಾಕೆ?

ಅಮೆರಿಕದ ನಗರಗಳ ರಾಜಕೀಯದ ಬಗ್ಗೆ ಬರೆದಾಗಲೆಲ್ಲ ನನಗೆ ಬರುವ ಪ್ರಶ್ನೆ ಇದು: "ಅಲ್ಲಿ ಪೊಲೀಸರು ನಗರದ ಕೈಯಲ್ಲೇ ಇದ್ದಾರೆ. ನಗರದ ಕೌನ್ಸಿಲ್‌ನಲ್ಲಿ (ನಮ್ಮ ಪಾಲಿಕೆ ಸಭೆಯ ಹಾಗೆ) ಸುಧಾರಣೆ ಬೇಕೆನ್ನುವವರಿಗೆ ಬಹುಮತವೂ ಇದೆ. ಸುಧಾರಣೆ ಕಾಯ್ದೆ ಪಾಸು ಮಾಡಿ ಮುಗಿಸಬಾರದಾ?"

ಪೊಲೀಸರ ಸಂಬಳ ನಗರದ ಬಜೆಟ್‌ನಿಂದಲೇ ಹೋಗುತ್ತದೆ, ನಿಜ. ಆದರೆ ಲಗಾಮು ಒಬ್ಬರ ಕೈಯಲ್ಲಿಲ್ಲ.

ಮಿನಿಯಾಪೊಲಿಸ್ ನೋಡಿ. 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಪ್ರಾಣ ಬಿಟ್ಟರು. ಎರಡು ವಾರದೊಳಗೆ 13 ಸದಸ್ಯರ ಕೌನ್ಸಿಲ್‌ನ 9 ಮಂದಿ ಪಾರ್ಕೊಂದರಲ್ಲಿ ವೇದಿಕೆ ಹತ್ತಿ, ಈಗಿರುವ ಪೊಲೀಸ್ ಇಲಾಖೆಯನ್ನೇ ತೆಗೆಯುತ್ತೇವೆ ಎಂದರು. ಆದರೆ ಜನಸಂಖ್ಯೆಗೆ ತಕ್ಕಂತೆ ಇಷ್ಟು ಪೊಲೀಸರು ಇರಲೇಬೇಕು ಎಂದು ನಗರದ ಚಾರ್ಟರ್‌ನಲ್ಲಿತ್ತು. ಚಾರ್ಟರ್ ಅಂದರೆ ನಗರಕ್ಕೆ ಸಂವಿಧಾನ ಇದ್ದ ಹಾಗೆ. ಅದನ್ನು ತಿದ್ದುವ ಪ್ರಸ್ತಾಪಕ್ಕೆ, ಇಂಥ ತಿದ್ದುಪಡಿಗಳನ್ನು ಪರಿಶೀಲಿಸುವ ಚಾರ್ಟರ್ ಕಮಿಷನ್ ಅಡ್ಡ ಬಂತು. ಇನ್ನಷ್ಟು ಪರಿಶೀಲಿಸಬೇಕು ಎಂದಿತು, ಆ ವರ್ಷ ಅದನ್ನು ಜನರ ಮತಕ್ಕೆ ಹಾಕುವ ಅವಕಾಶ ತಪ್ಪಿಹೋಯಿತು. ಈ ಕಮಿಷನ್ ಸದಸ್ಯರನ್ನು ನೇಮಿಸುವುದು ನ್ಯಾಯಾಧೀಶರು, ಜನ ಆರಿಸುವುದಿಲ್ಲ! ಕೊನೆಗೆ 2021ರ ನವೆಂಬರ್‌ನಲ್ಲಿ ಇಲಾಖೆ ಬದಲಿಸುವ ಪ್ರಶ್ನೆ ಜನರ ಮುಂದೆ ಬಂದಾಗ ಸುಮಾರು ಶೇ 56ರಷ್ಟು ಮಂದಿ ಬೇಡ ಎಂದರು. ಅದೇ ದಿನ ಮೇಯರ್‌ಗೆ ಜಾಸ್ತಿ ಅಧಿಕಾರ ಕೊಡುವ ತಿದ್ದುಪಡಿ ಗೆದ್ದಿತು. ಹಳೆಯದನ್ನು ತೆಗೆದ ಮೇಲೆ ಅಲ್ಲಿ ಏನು ಬರುತ್ತದೆ ಎಂದು ಯಾರೂ ಸರಿಯಾಗಿ ಹೇಳಲಿಲ್ಲ. ಸೋಲಿಗೆ ಅದೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ.

ನ್ಯೂಯಾರ್ಕ್‌ನಲ್ಲಿ ಜಗಳ ಮೇಯರ್ ಜೊತೆ. ತನಿಖೆಗೆಂದು ಯಾರನ್ನಾದರೂ ನಿಲ್ಲಿಸಿ ಮಾತಾಡಿಸಿದರೂ ಪೊಲೀಸರು ಅದನ್ನು ದಾಖಲಿಸಬೇಕು ಎಂಬ ಕಾಯ್ದೆಗೆ ಆಗಿನ ಮೇಯರ್ ಎರಿಕ್ ಆಡಮ್ಸ್ ವೀಟೋ ಹಾಕಿದರು. ಅವರೂ ಮಾಜಿ ಪೊಲೀಸ್. ಕಾಗದ ತುಂಬುತ್ತ ಕೂತರೆ ಬೀದಿ ಕಾಯುವವರು ಯಾರು ಎಂಬುದು ಅವರ ವಾದ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಆದರೂ 2024ರ ಜನವರಿಯಲ್ಲಿ ಕೌನ್ಸಿಲ್ 42-9 ಮತಗಳಿಂದ ವೀಟೋ ಮುರಿಯಿತು.

ಮೆಂಫಿಸ್ ಕತೆ ಇದಕ್ಕಿಂತ ಕಹಿ. 2023ರ ಜನವರಿಯಲ್ಲಿ ಪೊಲೀಸರು ಟೈರ್ ನಿಕೋಲ್ಸ್ ಅವರ ಕಾರು ತಡೆದು ಹೊಡೆದರು. ಮೂರು ದಿನದಲ್ಲಿ ಅವರು ತೀರಿಕೊಂಡರು. ಲೈಟು ಒಡೆದಿದೆ ಎಂಬಂಥ ಸಣ್ಣ ನೆಪಕ್ಕೆ ಗಾಡಿ ನಿಲ್ಲಿಸಬಾರದು ಎಂದು ಕೌನ್ಸಿಲ್ ನಿಯಮ ಮಾಡಿತು. ಮರುವರ್ಷ ಟೆನೆಸ್ಸಿ ರಾಜ್ಯ ಶಾಸನಸಭೆ ಅಂಥ ನಿಯಮಗಳನ್ನೇ ರದ್ದು ಮಾಡಿತು. ಸಹಿ ಹಾಕಬೇಡಿ ಎಂದು ನಿಕೋಲ್ಸ್ ಅವರ ಮನೆಯವರು ಬೇಡಿಕೊಂಡರು. ಗವರ್ನರ್ ಹಾಕಿದರು. ನಗರದಲ್ಲಿ ಡೆಮಾಕ್ರಟಿಕ್ ಒಲವು, ರಾಜ್ಯದಲ್ಲಿ ರಿಪಬ್ಲಿಕನ್ ಬಹುಮತ. ಇಂಥ ಕಡೆ ಕೌನ್ಸಿಲ್‌ನ ಮತ ಎಣಿಸಿ ಏನೂ ಹೇಳಲಾಗದು, ಅಲ್ವಾ?

ಇದರ ಜೊತೆಗೆ ಪೊಲೀಸ್ ಯೂನಿಯನ್‌ಗಳು ನಗರದ ಜೊತೆ ಮಾಡಿಕೊಂಡ ಒಪ್ಪಂದಗಳಿವೆ. ಕೆಲಸದಿಂದ ತೆಗೆದ ಪೊಲೀಸರು ಮಧ್ಯಸ್ಥಿಕೆಗೆ ಹೋಗಿ ವಾಪಸ್ ಬಂದದ್ದೂ ಉಂಟು.

"ಹಾಗಾದರೆ ದುಡ್ಡು ಕಡಿಮೆ ಮಾಡಿದರಾಯಿತಲ್ಲ" ಎನ್ನುವವರಿಗೆ ನಾನು ಆಸ್ಟಿನ್ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ಕೌನ್ಸಿಲ್ 2020ರಲ್ಲಿ ಪೊಲೀಸ್ ಬಜೆಟ್‌ಗೆ ಕತ್ತರಿ ಹಾಕಿತು. 2021ರಲ್ಲಿ ಟೆಕ್ಸಸ್ ರಾಜ್ಯ ಒಂದು ಕಾಯ್ದೆ ತಂದಿತು: ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರ ಪೊಲೀಸ್ ಬಜೆಟ್ ಇಳಿಸಿದರೆ ಅದರ ಆಸ್ತಿ ತೆರಿಗೆ ಆದಾಯಕ್ಕೆ ಮಿತಿ. ಅದೇ ವರ್ಷ ಆಸ್ಟಿನ್ ಒಪ್ಪಿದ ಪೊಲೀಸ್ ಬಜೆಟ್ ಅಲ್ಲಿಯವರೆಗಿನದರಲ್ಲೇ ದೊಡ್ಡದು.