ಲೋಗೋ ಒಂದೇ, ಫೈಲ್ ಒಂದೇ ಸಾಲದು

ಯಾರಾದರೂ ಹೊಸ ಅಂಗಡಿಗೆ ಲೋಗೋ ಮಾಡಿಸಿದೆ ಅಂದರೆ ನಾನು ಮೊದಲು ಕೇಳುವುದು, ವೆಕ್ಟರ್ ಫೈಲ್ ಇಸ್ಕೊಂಡ್ರಾ ಅಂತ. ಅಂದರೆ ಚಿತ್ರವನ್ನು ಚುಕ್ಕೆಗಳ ಬದಲು ಗೆರೆ, ಆಕಾರಗಳಾಗಿ ಉಳಿಸಿದ ಎಸ್‌ವಿಜಿ, ಪಿಡಿಎಫ್, ಇಲ್ಲವೇ ಕೋರಲ್‌ಡ್ರಾ ಫೈಲ್. ಅದನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಅದು ಬಿಟ್ಟು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದ ಜೆಪಿಜಿಯನ್ನೇ ಹತ್ತಡಿ ಬೋರ್ಡಿಗೆ ಕೊಟ್ಟರೆ ಅಕ್ಷರದ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಪ್ರಿಂಟಿನ ಲೆಕ್ಕ ಸುಲಭ, ಇಂಚಿಗೆ 300 ಪಿಕ್ಸೆಲ್. ವಿಸಿಟಿಂಗ್ ಕಾರ್ಡಿನಲ್ಲಿ ಲೋಗೋ 2 ಇಂಚು ಅಗಲ ಇದ್ದರೆ 600 ಪಿಕ್ಸೆಲ್ ಸಾಕು. ಗೂಗಲ್‌ನಲ್ಲಿ ಅಂಗಡಿ ಹುಡುಕಿದಾಗ ಕಾಣುವ ಬಿಸಿನೆಸ್ ಪ್ರೊಫೈಲಿಗೆ 720 × 720 ಪಿಕ್ಸೆಲ್. ಬಣ್ಣದ ಹಿನ್ನೆಲೆ ಮೇಲೆ ಹಾಕಲು ಹಿನ್ನೆಲೆ ತೆಗೆದ ಪಿಎನ್‌ಜಿ.

ನಿಜವಾದ ತಲೆನೋವು ಚಿಕ್ಕ ಸೈಜಿನದು. ಬ್ರೌಸರ್ ಟ್ಯಾಬಿನ ಐಕಾನ್ ಬರೀ 16 × 16 ಪಿಕ್ಸೆಲ್. ಅಷ್ಟರಲ್ಲಿ ಅಂಗಡಿಯ ಪೂರ್ತಿ ಹೆಸರು, ದೀಪದ ಚಿತ್ರ, ಕೆಳಗೆ ಊರು ಎಲ್ಲಾ ತುರುಕಿದರೆ ಕನ್ನಡದ ಒತ್ತಕ್ಷರ ಸುಮ್ನೆ ಒಂದು ಚುಕ್ಕೆ ಆಗುತ್ತದೆ, ಅಲ್ವಾ? ಮೊದಲ ಅಕ್ಷರ ಒಂದೇ ಇರುವ ಇನ್ನೊಂದು ರೂಪ ಮಾಡಿಸಿ. ವಾಟ್ಸಾಪ್ ಡಿಪಿಗೂ ಅದೇ ಒಳ್ಳೆಯದು, ಅಲ್ಲಿ ದುಂಡಗೆ ಕತ್ತರಿಸಿ ಮೂಲೆಗಳೆಲ್ಲ ಹೋಗುತ್ತವೆ.

ಹಾಂ, ಥರ್ಮಲ್ ಬಿಲ್ ಪ್ರಿಂಟರ್‌ಗಳು ಸಾಮಾನ್ಯವಾಗಿ ಕಪ್ಪು ಬಿಟ್ಟು ಬೇರೆ ಬಣ್ಣ ಹೊಡೆಯುವುದಿಲ್ಲ. ಅದಕ್ಕೊಂದು ಬರೀ ಕಪ್ಪಿನ ಫೈಲ್ ಕೂಡ ಕೇಳಿ ಇಟ್ಟುಕೊಳ್ಳಿ.